ಸೀಟು, ಹುಡ್, ಟಾರ್ಪಾಲ್: ನಮ್ಮ ಅಂಗಡಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ನಮ್ಮದೊಂದು ಸಣ್ಣ ಕುಶನ್ ಅಂಗಡಿ. ಅಪ್ಪ ಲಾರಿ ಟಾರ್ಪಾಲ್ ಹೊಲಿಯುತ್ತಿದ್ದರು. ನಾನು ಆಟೊ ಸೀಟು, ಜೀಪ್ ಹುಡ್ (ಗಾಡಿಯ ಮೇಲಿನ ಬಟ್ಟೆ ಚಾವಣಿ), ಟ್ರ್ಯಾಕ್ಟರ್ ಸೀಟು, ಬೈಕ್ ಸೀಟು ಎಲ್ಲ ಮಾಡುತ್ತೇನೆ. ಈಚೆಗೆ ದೋಣಿ ಸೀಟೂ ಸೇರಿಕೊಂಡಿದೆ, ಅದರ ಕಥೆ ಕೆಳಗಡೆ ಇದೆ. ದಿನಾ ಅವೇ ಪ್ರಶ್ನೆಗಳು. ಮೆಷಿನ್ ನಿಲ್ಲಿಸಿ ನಿಲ್ಲಿಸಿ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದು ಹಾಕಿದ್ದೇನೆ. ಇದನ್ನು ಓದಿ ಹಾಗೇ ನಡೆದುಕೊಂಡರೆ ನೀವು ನಮ್ಮ ಅಂಗಡಿಗೆ ಬರುವುದು ಕಮ್ಮಿಯಾಗುತ್ತದೆ. ಮನೆಯಲ್ಲಿ ಇದೇ ಮಾತು ಹೇಳಿ ನನಗೆ ಬೈದೂ ಆಗಿದೆ.

ರೆಕ್ಸಿನ್ ಸೀಟು ತೊಳೆಯಲು ಏನು ಹಾಕಬೇಕು?

ಅರ್ಧ ಬಕೆಟ್ ಉಗುರು ಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ. ಅಷ್ಟೇ. ಆದರೆ ನೀರು ಮುಟ್ಟಿಸುವ ಮೊದಲು ಒಣಬಟ್ಟೆಯಲ್ಲಿ ಧೂಳು ಕೊಡವಬೇಕು. ನಮ್ಮ ಕಡೆಯ ಕೆಂಪು ಧೂಳಿನಲ್ಲಿ ಸಣ್ಣ ಮರಳಿರುತ್ತದೆ. ಅದರ ಮೇಲೇ ಒದ್ದೆ ಬಟ್ಟೆ ಎಳೆದರೆ ಉಪ್ಪುಕಾಗದ ಎಳೆದ ಹಾಗೆ. ಧೂಳು ಹೋದ ಮೇಲೆ ಬಟ್ಟೆ ಅದ್ದಿ ಹಿಂಡಿ ಒರೆಸಿ. ರೆಕ್ಸಿನ್ ಮೇಲಿನ ಗೆರೆಗಳಲ್ಲಿ ಕೊಳೆ ಕೂತಿದ್ದರೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಪಾತ್ರೆ ತಿಕ್ಕುವ ಹಸಿರು ನಾರು, ಸ್ಟೀಲ್ ನಾರು ಎರಡೂ ಬೇಡ. ಮೇಲಿನ ಹೊಳಪು ಹೋದ ಜಾಗದಲ್ಲಿ ಮುಂದಿನ ವಾರದಿಂದ ಕೊಳೆ ಎರಡರಷ್ಟು ಕೂರುತ್ತದೆ.

ಬಟ್ಟೆ ಒಗೆಯುವ ಬಾರ್ ಸೋಪು ಯಾಕೆ ಬೇಡ ಅಂದರೆ ನಮ್ಮ ಬೋರ್‌ವೆಲ್ ನೀರು. ಇದು ಗಡಸು ನೀರು. ಇದರಲ್ಲಿ ಬಾರ್ ಸೋಪು ನೊರೆ ಬರುವ ಬದಲು ಮೊಸರಿನ ಹಾಗೆ ಒಡೆದು ಜಿಡ್ಡಾಗಿ ಕೂರುತ್ತದೆ. ಲಿಕ್ವಿಡ್ ಹಾಗೆ ಮಾಡುವುದಿಲ್ಲ. ಬೋರ್ ನೀರು ತಾನಾಗಿ ಒಣಗಲು ಬಿಟ್ಟರೂ ಬಿಳಿ ಚುಕ್ಕೆ ಉಳಿಯುತ್ತದೆ, ನಲ್ಲಿಯ ಮೇಲೆ ಕೂರುತ್ತದಲ್ಲ ಅದೇ. ಅದಕ್ಕೆ ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಚುಕ್ಕೆ ಕೂತೇ ಬಿಟ್ಟಿದ್ದರೆ ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಒಮ್ಮೆ ಒರೆಸಿ. ಮಳೆ ನೀರು ಹಿಡಿದಿಟ್ಟಿದ್ದರೆ ನೀವೇ ಪುಣ್ಯವಂತರು.

ಬೂಷ್ಟು ಹಿಡಿದಿದೆ. ಒರೆಸಿದರೆ ಹೋಗುತ್ತದೆ, ವಾರಕ್ಕೆ ಮತ್ತೆ ಬರುತ್ತದೆ. ಏನು ಮಾಡುವುದು?

ಕೋಲಾರ ಒಣ ಜಿಲ್ಲೆ, ಇಲ್ಲಿ ಬೂಷ್ಟು ಎಲ್ಲಿಂದ ಬರಬೇಕು ಅಂತ ತುಂಬಾ ಜನ ಕೇಳುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರಾದಾಗ ನಮ್ಮ ಅಂಗಡಿಗೆ ಬಂದು ನೋಡಿ. ಬೂಷ್ಟಿಗೆ ಬೇಕಾದ್ದು ಮೂರೇ: ತೇವ, ಗಾಳಿಯಾಡದ ಜಾಗ, ತಿನ್ನಲು ಏನಾದರೂ. ರೆಕ್ಸಿನ್ ಮೇಲೆ ಕೂತ ಬೆವರು, ಎಣ್ಣೆ, ಚೆಲ್ಲಿದ ಟೀ, ಮಣ್ಣು ಇವೇ ಅದರ ಊಟ. ಅಂದರೆ ಕೊಳೆ ಸೀಟಿಗೆ ಬೂಷ್ಟು ಬೇಗ ಬರುತ್ತದೆ, ತೊಳೆದು ಒಣಗಿಸಿದ ಸೀಟಿಗೆ ಬರುವುದು ಕಷ್ಟ.

ಮೊದಲು ಸೀಟನ್ನು ಹೊರಗೆ ತನ್ನಿ. ಮನೆಯೊಳಗೆ ಒಣ ಬೂಷ್ಟು ಉಜ್ಜಿದರೆ ಅದರ ಪುಡಿ ಮೂಗಿಗೆ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮೇಲೆ ಹೇಳಿದ ವಿನೆಗರ್ ನೀರು ಚಿಮುಕಿಸಿ ಹದಿನೈದು ನಿಮಿಷ ಬಿಡಿ, ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿ, ಲಿಕ್ವಿಡ್ ನೀರಿನಲ್ಲಿ ತೊಳೆದು ಒರೆಸಿ. ಇದು ಅರ್ಧ ಕೆಲಸ. ಉಳಿದ ಅರ್ಧ ಒಣಗಿಸುವುದು. ವಾರಕ್ಕೇ ವಾಪಸ್ ಬರುತ್ತಿದೆ ಅಂದರೆ ಬೂಷ್ಟು ಮೇಲಿಲ್ಲ, ಒಳಗಿನ ಫೋಮ್ ಒದ್ದೆ ಇದೆ ಅಂತ ಅರ್ಥ. ಸೀಟಿನ ಕೆಳಗಡೆ ಪ್ಲೈವುಡ್‌ಗೆ ಮೂಗು ಇಟ್ಟು ನೋಡಿ. ಹಳೇ ಗೋಣಿಚೀಲದ ವಾಸನೆ ಬಂದರೆ ಮೇಲೆ ಎಷ್ಟು ಉಜ್ಜಿದರೂ ಸುಮ್ನೆ ಶ್ರಮ. ಕೆಳಗಿನ ಪಿನ್ ಕಿತ್ತು ಕವರ್ ಬಿಚ್ಚಿ ಫೋಮ್ ಒಣಗಿಸಲೇಬೇಕು.

ಬಿಳಿ ಸೀಟಿನ ಮೇಲೆ ಗುಲಾಬಿ ಕಲೆ. ಏನೂ ಚೆಲ್ಲಿಲ್ಲ, ಆದರೂ ಬಂದಿದೆ?

ನೀವು ಸುಳ್ಳು ಹೇಳುತ್ತಿಲ್ಲ, ಗೊತ್ತು. ಇದು ಒಳಗಿನಿಂದ ಬರುವ ಕಲೆ. ಒದ್ದೆ ಫೋಮ್‌ನಲ್ಲಿ ಬೆಳೆಯುವ ಒಂದು ಜಾತಿ ಸೂಕ್ಷ್ಮಜೀವಿ ಗುಲಾಬಿ ಬಣ್ಣ ಬಿಡುತ್ತದೆ. ಆ ಬಣ್ಣ ರೆಕ್ಸಿನ್ನಿನ ಪದರದೊಳಗೆ ಇಳಿದು ಮೇಲೆ ಕಾಣುತ್ತದೆ. ದೋಣಿ ಸೀಟು ಮಾಡುವವರಿಗೆ ಪ್ರಪಂಚದಲ್ಲೆಲ್ಲ ಇದೇ ತಲೆನೋವು. ಉಜ್ಜಿದರೆ ಹೋಗುವುದಿಲ್ಲ, ಹಣ ಖರ್ಚು ಮಾಡಬೇಡಿ. ಮುಂದಿನ ಸಲ ಕವರ್ ಹಾಕಿಸುವಾಗ ಫೋಮ್ ಕೂಡ ಬದಲಾಯಿಸಿ.

ಬೂಷ್ಟಿನ ಕಲೆಗೆ ಬ್ಲೀಚಿಂಗ್ ಹಾಕಿದರೆ ಒಂದೇ ಸಲಕ್ಕೆ ಹೋಗುತ್ತದಂತೆ, ಹೌದಾ?

ಕಲೆ ಹೋಗುತ್ತದೆ, ದಾರವೂ ಹೋಗುತ್ತದೆ. ಹತ್ತಿ ದಾರ, ನೈಲಾನ್ ದಾರ ಎರಡನ್ನೂ ಬ್ಲೀಚ್ ತಿನ್ನುತ್ತದೆ. ತೊಳೆದ ದಿನ ಸೀಟು ಫಳಫಳ ಅನ್ನುತ್ತದೆ, ಮೂರು ತಿಂಗಳಿಗೆ ಹೊಲಿಗೆ ಬಾಯಿ ಬಿಡುತ್ತದೆ. ತೀರಾ ಬೇರೆ ದಾರಿ ಇಲ್ಲದಾಗ, ಬಿಳಿ ರೆಕ್ಸಿನ್‌ಗೆ ಮಾತ್ರ, ಲಿಕ್ವಿಡ್ ಬ್ಲೀಚ್ ಒಂದು ಪಾಲಿಗೆ ನೀರು ಹತ್ತು ಪಾಲು ಬೆರೆಸಿ, ಹೊಲಿಗೆಗೆ ತಾಗದ ಹಾಗೆ ಹಚ್ಚಿ, ಐದು ನಿಮಿಷದೊಳಗೆ ತೊಳೆದುಬಿಡಿ.

ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬ್ಲೀಚ್ ಜೊತೆ ವಿನೆಗರ್, ನಿಂಬೆಹಣ್ಣು, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದನ್ನೂ ಬೆರೆಸಬೇಡಿ. ವಿಷದ ಗಾಳಿ ಬರುತ್ತದೆ. ಗಾಜು ಒರೆಸುವ ಅಮೋನಿಯಾ ದ್ರಾವಣವನ್ನೂ ಸೇರಿಸಬೇಡಿ. ನಿನ್ನೆ ವಿನೆಗರ್ ಹಚ್ಚಿದ್ದರೆ ಇವತ್ತು ಚೆನ್ನಾಗಿ ನೀರಿನಲ್ಲಿ ತೊಳೆದ ಮೇಲೆಯೇ ಬ್ಲೀಚ್ ಮುಟ್ಟಿ.

ಆಯುಧ ಪೂಜೆ ಆದ ಮೇಲೆ ಸೀಟು, ಹುಡ್ ಮೇಲೆ ಅರಿಶಿನ ಕುಂಕುಮದ ಕಲೆ. ಸೋಪು ಹಾಕಿದರೆ ಇನ್ನೂ ಕೆಂಪಾಯಿತು!

ದಸರಾ ಮುಗಿದ ಮಾರನೇ ದಿನ ನಮ್ಮ ಅಂಗಡಿ ಮುಂದೆ ಆಟೊ ಸಾಲು ನಿಲ್ಲುತ್ತದೆ, ಎಲ್ಲರದ್ದೂ ಇದೇ ದೂರು. ಕಳೆದ ಸಲ ಒಬ್ಬ ಹುಡುಗ ಹೊಸ ಆಟೊ ತಂದಿದ್ದ. ಸಾಲ ತೀರಿಸಲು ಇನ್ನೂ ಶುರು ಮಾಡಿರಲಿಲ್ಲ. ಕೆನೆ ಬಣ್ಣದ ಸೀಟು, ಅದರ ನಡುವೆ ಐದು ಬೆರಳಿನ ಅರಿಶಿನ. ಅವರಮ್ಮ ಪ್ರೀತಿಯಿಂದ ಒತ್ತಿದ್ದು. ಇವನು ಬಟ್ಟೆ ಸೋಪು ಹಾಕಿ ತಿಕ್ಕಿದ್ದಾನೆ, ಐದು ಬೆರಳೂ ರಕ್ತದ ಹಾಗೆ ಕೆಂಪಾಗಿ ಎದ್ದು ನಿಂತಿವೆ. ಹುಡುಗ ಅಪಶಕುನ ಅಂತ ಹೆದರಿಬಿಟ್ಟಿದ್ದ.

ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತದಲ್ಲ, ಅದೇ ಇದು. ಸೋಪಿಗೂ ಸುಣ್ಣಕ್ಕೂ ಗುಣ ಒಂದೇ, ಎರಡೂ ಕ್ಷಾರ. ಒಂದು ಹೋಳು ನಿಂಬೆಹಣ್ಣು ತಂದು ಅವನ ಕಣ್ಣೆದುರೇ ಹಿಂಡಿದೆ. ಕೆಂಪು ಬೆರಳು ಒಂದೊಂದಾಗಿ ಹಳದಿಗೆ ತಿರುಗಿದವು. ಹುಡುಗನ ಮುಖಕ್ಕೆ ಜೀವ ಬಂತು. ಆಮೇಲೆ ಹೇಳಿದೆ: ಇನ್ನು ಏನೂ ಉಜ್ಜಬೇಡಪ್ಪ, ಬಿಸಿಲಲ್ಲಿ ನಿಲ್ಲಿಸು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಎರಡು ಮೂರು ದಿನದ ಬಿಸಿಲಿಗೆ ಬಣ್ಣ ಇಳಿದು ಬೆರಳಿನ ನೆರಳಷ್ಟೇ ಉಳಿಯಿತು, ಅದು ಕೂಡ ಆಮೇಲೆ ಹೋಯಿತು.

ಕುಂಕುಮದ ವಿಷಯ ಬೇರೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಹಳೇ ಕುಂಕುಮವಾದರೆ ಬಿಸಿಲಿಗೆ ಹೋಗುತ್ತದೆ. ಅಂಗಡಿಯ ಬಣ್ಣದ ಪುಡಿಯಾದರೆ ಕಷ್ಟ. ಒಣಗಿರುವಾಗಲೇ ಕೊಡವಿ, ನೀರು ಹಾಕಬೇಡಿ. ನೀರು ಬಿದ್ದರೆ ಬಣ್ಣ ಕರಗಿ ಒಳಗೆ ಇಳಿಯುತ್ತದೆ. ಸ್ಯಾನಿಟೈಸರ್ ಹತ್ತಿಗೆ ಹಾಕಿ ಒತ್ತಿ ಒತ್ತಿ ತೆಗೆಯಿರಿ. ಮುಂದಿನ ವರ್ಷ ಅರಿಶಿನ ಕುಂಕುಮವನ್ನು ಹ್ಯಾಂಡಲ್‌ಗೆ, ಗಾಜಿಗೆ ಇಡಿ. ಅಲ್ಲಿ ಒರೆಸಿದರೆ ಹೋಗುತ್ತದೆ. ದೇವರು ಸೀಟಿಗೇ ಬೇಕು ಅನ್ನುವುದಿಲ್ಲ ಅಲ್ವಾ?

ಟೊಮೆಟೊ ಲೋಡ್ ಹಾಕಿ ಟಾರ್ಪಾಲ್ ಕೆಂಪಾಗಿದೆ, ವಾಸನೆ ಬೇರೆ.

ಕೋಲಾರದ ಎಪಿಎಂಸಿಯಲ್ಲಿ ಸೀಸನ್‌ನಲ್ಲಿ ಒಂದು ಸುತ್ತು ಹೊಡೆದರೆ ಎಲ್ಲ ಗಾಡಿಯ ಟಾರ್ಪಾಲೂ ಹೀಗೇ ಇರುತ್ತದೆ. 15 ಕೆ.ಜಿ. ಕ್ರೇಟಿನಲ್ಲಿ ಅಡಿಯಲ್ಲಿರುವ ಹಣ್ಣು ಒಡೆದರೆ ರಸ ಎಲ್ಲಿಗೆ ಹೋಗಬೇಕು? ಆ ಕೆಂಪು ಬಣ್ಣ ಪ್ಲಾಸ್ಟಿಕ್‌ಗೆ ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾರು ಇಟ್ಟರೆ ಡಬ್ಬಿ ಕೆಂಪಾಗುತ್ತದಲ್ಲ, ಹಾಗೆ. ಅದೂ ಬಿಸಿಲಿಗೆ ಮಾಸುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದ್ದು ವಾಸನೆಗೆ. ರಸ, ಬೀಜ, ಸಿಪ್ಪೆ ಮಡಿಕೆಯಲ್ಲಿ ಕೂತು ಕೊಳೆತರೆ ಹುಳ ಬರುತ್ತದೆ, ಹತ್ತಿ ಟಾರ್ಪಾಲಾದರೆ ಬಟ್ಟೆಯೇ ಕೊಳೆಯುತ್ತದೆ. ಲೋಡ್ ಇಳಿಸಿದ ದಿನವೇ ನೆಲದ ಮೇಲೆ ಹಾಸಿ ಪೈಪಿನಲ್ಲಿ ನೀರು ಬಿಡಿ, ಪೊರಕೆಯಲ್ಲಿ ಗುಡಿಸಿ, ಎರಡೂ ಮಗ್ಗುಲು ಒಣಗಿಸಿ.

ಮಾವಿನ ಸೀಸನ್‌ನಲ್ಲಿ ಶ್ರೀನಿವಾಸಪುರದ ಕಡೆಯವರು ಬಂದು ಸೊನೆ ಕಲೆ ತೋರಿಸುತ್ತಾರೆ. ಸೊನೆ ಹಸಿ ಇರುವಾಗಲೇ ಒರೆಸಿದರೆ ಸುಲಭ. ಒಣಗಿ ಕಪ್ಪಾಗಿದ್ದರೆ ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಮೆತ್ತಗಾಗಿಸಿ, ಆಮೇಲೆ ಲಿಕ್ವಿಡ್ ಹಾಕಿ ಎಣ್ಣೆಯನ್ನೂ ತೊಳೆಯಿರಿ. ಕೈಗೆ ಕವರ್ ಹಾಕಿಕೊಳ್ಳಿ, ಸೊನೆ ಚರ್ಮ ಸುಡುತ್ತದೆ.

ಪೆಟ್ರೋಲ್, ಥಿನ್ನರ್ ಹಾಕಿದರೆ ಬೇಗ ಹೋಗುವುದಿಲ್ಲವಾ?

ಹೋಗುತ್ತದೆ. ನನ್ನ ಕಥೆ ಕೇಳಿ. ಅಂಗಡಿಗೆ ಕೂತ ಮೊದಲ ವರ್ಷ ಒಬ್ಬರು ಜೀಪಿನ ಸೀಟು ತಂದರು, ಮೇಲೆ ಪೇಂಟ್ ಬಿದ್ದಿತ್ತು. ಅಪ್ಪ ಊಟಕ್ಕೆ ಹೋಗಿದ್ದರು. ನಾನು ಜಾಣತನ ತೋರಿಸಲು ಥಿನ್ನರ್ ಅದ್ದಿ ಉಜ್ಜಿದೆ. ಪೇಂಟ್ ಹೋಯಿತು. ಅದರ ಜೊತೆ ರೆಕ್ಸಿನ್ನಿನ ಬಣ್ಣ, ಅದರ ಮೇಲಿನ ಗೀರು ವಿನ್ಯಾಸ ಎಲ್ಲ ಬಟ್ಟೆಗೆ ಬಂತು. ಆ ಜಾಗ ಬೆಲ್ಲದ ಪಾಕದ ಹಾಗೆ ಅಂಟತೊಡಗಿತು. ಅಪ್ಪ ಬಂದು ನೋಡಿದರು, ಏನೂ ಮಾತಾಡಲಿಲ್ಲ, ಹೊಸ ರೆಕ್ಸಿನ್ ಕತ್ತರಿಸಲು ಕೂತರು. ಆ ಸೀಟಿನ ದುಡ್ಡು ನಮ್ಮ ಜೇಬಿನಿಂದಲೇ ಹೋಯಿತು.

ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರಾವಣ ಇವು ರೆಕ್ಸಿನ್ ಪದರವನ್ನೇ ಕರಗಿಸುತ್ತವೆ. ಪೆಟ್ರೋಲ್, ಸೀಮೆಎಣ್ಣೆ ಅಷ್ಟು ಬೇಗ ತೋರಿಸುವುದಿಲ್ಲ, ಆದರೆ ಒಳಗಿನ ಮೆದುತನ ಹೀರಿಕೊಂಡು ಹೋಗುತ್ತವೆ. ಬಾಲ್‌ಪೆನ್ ಗೀಚಿದ್ದರೆ ಸ್ಯಾನಿಟೈಸರ್ ಅಥವಾ ಸರ್ಜಿಕಲ್ ಸ್ಪಿರಿಟ್ ಹತ್ತಿಯಲ್ಲಿ ಹಾಕಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಒರೆಸಿ. ಚ್ಯೂಯಿಂಗ್ ಗಮ್‌ಗೆ ಐಸ್ ಇಟ್ಟು ಗಟ್ಟಿ ಮಾಡಿ ಎಬ್ಬಿಸಿ.

ರೆಕ್ಸಿನ್ ಯಾಕೆ ಗಟ್ಟಿಯಾಗಿ ಬಿರಿಯುತ್ತದೆ? ಎಣ್ಣೆ ಹಚ್ಚಿದರೆ ಮೆದುವಾಗುತ್ತದಾ?

ರೆಕ್ಸಿನ್ ಅನ್ನುವುದು ಮೊದಲು ಇಂಗ್ಲೆಂಡಿನ ಒಂದು ಕಂಪನಿ ಮಾಡುತ್ತಿದ್ದ ನಕಲಿ ಚರ್ಮದ ಬ್ರ್ಯಾಂಡ್ ಹೆಸರು. ಈಗ ನಾವು ಹಾಗೆ ಕರೆಯುವುದು ಬಟ್ಟೆಯ ಮೇಲೆ ಪಿವಿಸಿ ಪದರ ಬಳಿದ ಮಾಲಿಗೆ. ಪಿವಿಸಿ ಹುಟ್ಟಾ ಗಟ್ಟಿ, ನಲ್ಲಿ ಪೈಪ್ ನೋಡಿದ್ದೀರಲ್ಲ. ಅದಕ್ಕೆ ಎಣ್ಣೆಯಂಥ ಒಂದು ದ್ರವ ಸೇರಿಸಿ ಮೆದು ಮಾಡಿರುತ್ತಾರೆ. ಬಿಸಿಲಿಗೆ, ಕಾವಿಗೆ ಆ ದ್ರವ ನಿಧಾನವಾಗಿ ಹೊರಗೆ ಹೋಗುತ್ತದೆ. ಹೋದಷ್ಟೂ ರೆಕ್ಸಿನ್ ಪೈಪಿನ ಗುಣಕ್ಕೆ ವಾಪಸ್ ಬರುತ್ತದೆ. ಆಮೇಲೆ ಒಂದು ದಿನ ದಪ್ಪಗಿನ ಗಿರಾಕಿ ಕೂತಾಗ ಚರ್ ಅಂತ ಬಿರಿಯುತ್ತದೆ, ಆ ಗಿರಾಕಿಯದೇನೂ ತಪ್ಪಿಲ್ಲ.

ಕೊಬ್ಬರಿ ಎಣ್ಣೆ ಹಚ್ಚಿದರೆ ಎರಡು ದಿನ ಹೊಳೆಯುತ್ತದೆ, ಮೂರನೇ ದಿನ ಊರಿನ ಧೂಳೆಲ್ಲ ಅದರ ಮೇಲೆ. ಮೆದುವೂ ಆಗುವುದಿಲ್ಲ. ತಲೆ ಒರಗುವ ಜಾಗ ನೋಡಿ ಬೇಕಾದರೆ. ಡ್ರೈವರ್ ತಲೆಯ ಎಣ್ಣೆ ದಿನಾ ತಾಗಿ ತಾಗಿ ಆ ಜಾಗವೇ ಮೊದಲು ಗಟ್ಟಿಯಾಗಿ ಬಿರಿದಿರುತ್ತದೆ. ಅಲ್ಲಿಗೊಂದು ಹತ್ತಿ ಟವಲ್ ಹಾಕಿ, ವಾರಕ್ಕೊಮ್ಮೆ ಒಗೆಯಿರಿ. ಹೊಳಪು ಬೇಕೇ ಬೇಕು ಅಂದರೆ ಬಿಸಿಲಿನ ರಕ್ಷಣೆ ಇರುವ ವಿನೈಲ್ ಪಾಲಿಶ್ ತೆಗೆದುಕೊಳ್ಳಿ. ಅದಕ್ಕಿಂತ ಅಗ್ಗದ್ದು ನೆರಳು. ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ. ಹೂವು ಉದುರುತ್ತದೆ, ಹಕ್ಕಿ ಹಿಕ್ಕೆ ಹಾಕುತ್ತದೆ, ಇರಲಿ. ಒಣಗಿದ ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟರೆ ತಾನಾಗಿ ಬಿಡುತ್ತದೆ. ಕೆರೆದು ತೆಗೆಯಬೇಡಿ.

ಹುಡ್ ಬಟ್ಟೆ ಚೆನ್ನಾಗಿದೆ, ಹೊಲಿಗೆಯಿಂದ ನೀರು ಸೋರುತ್ತದೆ. ಹೊಸ ಹುಡ್ಡೇ ಹಾಕಿಸಬೇಕಾ?

ಬೇಡ. ಹೊಲಿಗೆ ಮತ್ತೆ ಹಾಕಿಸಿ. ಬಟ್ಟೆಗಿಂತ ಮೊದಲು ದಾರ ಸಾಯುತ್ತದೆ, ಇದು ಎಲ್ಲ ಹುಡ್‌ನ ಹಣೆಬರಹ. ದಾರ ಪೂರ್ತಿ ಹೋಗುವ ಮೊದಲೇ ತಂದರೆ ಹಳೇ ತೂತಿನಲ್ಲೇ ಹೊಸ ಹೊಲಿಗೆ ಓಡಿಸಬಹುದು. ತೂತು ಜಾಸ್ತಿಯಾದಷ್ಟೂ ಸೋರುವುದು ಜಾಸ್ತಿ. ಹೊಲಿಗೆ ಆದ ಮೇಲೆ ಒಳಮಗ್ಗುಲಲ್ಲಿ ಮೇಣದಬತ್ತಿ ಗಟ್ಟಿಯಾಗಿ ಉಜ್ಜಿ, ಸಣ್ಣ ತೂತು ಮುಚ್ಚಿಕೊಳ್ಳುತ್ತದೆ.

ಯಾವ ದಾರ ಅಂತ ಕೇಳಿ ಹಾಕಿಸಿ. ಹೊರಗಿನ ಕೆಲಸಕ್ಕೆ ಪಾಲಿಯೆಸ್ಟರ್ ದಾರ. ನೈಲಾನ್ ಎಳೆದರೆ ಗಟ್ಟಿ, ಆದರೆ ಬಿಸಿಲಿಗೆ ಬೇಗ ಸೋಲುತ್ತದೆ. ಹತ್ತಿ ದಾರ ಮಳೆಗೆ ಕೊಳೆಯುತ್ತದೆ. ಒಂದು ಸಲ ಸಗಟು ವ್ಯಾಪಾರಿಯೊಬ್ಬರು ಪಾಲಿಯೆಸ್ಟರ್ ಅಂತ ಹೇಳಿ ನನಗೆ ಹತ್ತಿ ಬೆರಕೆ ದಾರ ಕೊಟ್ಟರು. ಆ ಮಳೆಗಾಲ ಹನ್ನೊಂದು ಹುಡ್ ಪುಕ್ಕಟೆ ಹೊಲಿದುಕೊಟ್ಟೆ. ಅಂದಿನಿಂದ ಪ್ರತಿ ಉಂಡೆಯಿಂದ ಒಂದು ಗೇಣು ಕತ್ತರಿಸಿ ಬೆಂಕಿಕಡ್ಡಿ ಗೀರಿ ನೋಡುತ್ತೇನೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರುತ್ತದೆ. ನೀವೂ ನೋಡಬಹುದು, ಅಂಗಡಿಯವರು ಬೇಜಾರು ಮಾಡಿಕೊಂಡರೆ ಬೇರೆ ಅಂಗಡಿ ನೋಡಿ.

ಪಕ್ಕದ ಪ್ಲಾಸ್ಟಿಕ್ ಕಿಟಕಿ ಹಾಲಿನ ಹಾಗೆ ಮಸುಕಾಗಿದೆ.

ಒಣಬಟ್ಟೆಯಲ್ಲಿ ಒರೆಸಿ ಒರೆಸಿ ಆದದ್ದು. ಧೂಳು ಗೀರು ಹಾಕಿದೆ, ಅದು ವಾಪಸ್ ಬರುವುದಿಲ್ಲ. ಹೊಸದು ಹಾಕಿಸಿದ ಮೇಲೆ ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಮೆತ್ತಗಿನ ಬಟ್ಟೆ. ಗಾಜು ಒರೆಸುವ ಅಮೋನಿಯಾ ದ್ರಾವಣ ಬೇಡ. ಸುತ್ತುವಾಗ ಹಳೇ ಪಂಚೆ ತುಂಡೊಂದು ನಡುವೆ ಇಟ್ಟು ಚಾಪೆಯ ಹಾಗೆ ಸುತ್ತಿ, ಮಡಿಸಬೇಡಿ. ಮಡಿಸಿದ ಗೆರೆಯಲ್ಲೇ ಅದು ಸೀಳುತ್ತದೆ.

ಯಾವ ಟಾರ್ಪಾಲ್ ತೆಗೆದುಕೊಳ್ಳಲಿ? ಜಿಎಸ್‌ಎಂ ಅಂದರೆ ಏನು?

ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಜಿಎಸ್‌ಎಂ. ರಾಗಿ ಒಣಗಿಸಲು, ಬಣವೆ ಮುಚ್ಚಲು ನೀಲಿಯೋ ಹಳದಿಯೋ ಪ್ಲಾಸ್ಟಿಕ್ ಹೆಣಿಗೆಯ ಟಾರ್ಪಾಲ್ ಸಾಕು. ಅದರ ಮೇಲೆ ಐಎಸ್ 7903 ಗುರುತು ಇದೆಯಾ, ಬಿಸಿಲು ತಡೆಯುವ ಮಾಲಾ ಅಂತ ನೋಡಿ. ಜಿಎಸ್‌ಎಂ ಜಾಸ್ತಿ ಇದ್ದು ಬಿಸಿಲಿನ ರಕ್ಷಣೆ ಇಲ್ಲದಿದ್ದರೆ ಒಂದೇ ಬೇಸಿಗೆಗೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಲಾರಿಗೆ ಪಿವಿಸಿ ಬಳಿದ ಪಾಲಿಯೆಸ್ಟರ್ ಒಳ್ಳೆಯದು, ತೂಕ ಜಾಸ್ತಿ, ಬೆಲೆಯೂ ಜಾಸ್ತಿ.

ಹತ್ತಿ ಕ್ಯಾನ್ವಾಸ್ ಈಗ ಕೇಳುವವರು ಕಮ್ಮಿ. ನನಗಂತೂ ಅದರ ಮೇಲೇ ಪ್ರೀತಿ. ಅದು ಉಸಿರಾಡುತ್ತದೆ, ಒಳಗಿನ ಮಾಲು ಬೆವರುವುದಿಲ್ಲ. ಮಳೆ ಬಿದ್ದಾಗ ನೂಲು ನೀರು ಕುಡಿದು ಊದಿಕೊಂಡು ನೇಯ್ಗೆಯ ಸಂದು ಮುಚ್ಚುತ್ತದೆ. ಮಳೆ ಬರುವಾಗ ಒಳಗಿನಿಂದ ಅದಕ್ಕೆ ಬೆರಳು ತಾಗಿಸಬೇಡಿ, ತಾಗಿದ ಜಾಗದಿಂದ ತೊಟ್ಟಿಕ್ಕಲು ಶುರುವಾಗುತ್ತದೆ. ಚಿಕ್ಕವನಿದ್ದಾಗ ಲಾರಿಯ ಕೆಳಗೆ ಟಾರ್ಪಾಲ್ ಗುಡಾರದಲ್ಲಿ ಮಲಗಿ ಬೇಕು ಬೇಕಂತಲೇ ತಾಗಿಸಿ ಅಪ್ಪನಿಂದ ಏಟು ತಿಂದಿದ್ದೇನೆ.

ಹಳೇ ಹತ್ತಿ ಕ್ಯಾನ್ವಾಸ್ ನೀರು ಬಿಡುತ್ತಿದ್ದರೆ ಅಪ್ಪನ ಒಂದು ಉಪಾಯ ಇದೆ. ತೊಳೆದು ಒಣಗಿಸಿದ ಕ್ಯಾನ್ವಾಸಿಗೆ ಮಂದ ಸೋಪಿನ ನೀರು ಬಳಿಯಬೇಕು. ಇದಕ್ಕೆ ಬಾರ್ ಸೋಪೇ ಬೇಕು, ಲಿಕ್ವಿಡ್ ಆಗುವುದಿಲ್ಲ. ಸೋಪು ಕರಗಿಸಲು ಮಳೆ ನೀರೇ ಆಗಬೇಕು, ಬೋರ್ ನೀರಿನಲ್ಲಿ ಬಕೆಟ್‌ನಲ್ಲೇ ಒಡೆದುಹೋಗುತ್ತದೆ. ಅದು ಒಣಗಿದ ಮೇಲೆ ಪಟಿಕ ಕರಗಿಸಿದ ನೀರು ಬಳಿಯಬೇಕು. ಸೋಪು, ಪಟಿಕ ಎರಡೂ ನೂಲಿನೊಳಗೇ ಸೇರಿ ನೀರಿಗೆ ಕರಗದ ಮೇಣದಂಥ ಪದರವಾಗುತ್ತದೆ. ನೀರಿನ ಹನಿ ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳುತ್ತದೆ. ಮಳೆಗಾಲಕ್ಕೊಮ್ಮೆ ಮಾಡಬೇಕಾಗುತ್ತದೆ.

ಮಡಿಸಿಡುವುದು ಹೇಗೆ?

ಒಣಗಿಸಿ. ಇಡೀ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನನ್ನ ಹತ್ತಿರ ಹರಿದು ಬರುವ ಹತ್ತು ಟಾರ್ಪಾಲಿನಲ್ಲಿ ಏಳು ಎಂಟು ಒದ್ದೆ ಮಡಿಸಿಟ್ಟು ಹಾಳಾದವು. ಚಳಿಗಾಲದಲ್ಲಿ ಬೆಳಗಿನ ಇಬ್ಬನಿಯಲ್ಲಿ ತೆಗೆದು ಮಡಿಸಿದರೂ ಅದು ಒದ್ದೆಯೇ. ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಅಂಚಿನ ಹಗ್ಗ ಹಿಡಿದು ನೋಡಿ, ತಣ್ಣಗಿರುತ್ತದೆ. ಅಂಚಿನಲ್ಲಿ ಬಟ್ಟೆ ಎರಡು ಮೂರು ಮಡಿಕೆ ಇರುವುದರಿಂದ ತೇವ ಅಲ್ಲೇ ಕೂರುತ್ತದೆ. ಅಲ್ಲಿಂದಲೇ ಕೊಳೆತ ಶುರು.

ಪ್ರತಿ ಸಲ ಒಂದೇ ಗೆರೆಯಲ್ಲಿ ಮಡಿಸಬೇಡಿ. ನೆಲಕ್ಕೆ ತಾಗದ ಹಾಗೆ ಎರಡು ಇಟ್ಟಿಗೆಯ ಮೇಲೆ ಹಲಗೆ ಹಾಕಿ ಇಡಿ. ಇಲಿಗೆ ಕಡಲೆಕಾಯಿ ಸಿಪ್ಪೆಯ ವಾಸನೆ ಸಿಕ್ಕರೆ ಸಾಕು, ಟಾರ್ಪಾಲನ್ನೇ ಬಾಣಂತಿ ಕೋಣೆ ಮಾಡಿಕೊಳ್ಳುತ್ತದೆ. ಕೊಡವಿ ಇಡಿ. ಹಗ್ಗ ಪೋಣಿಸುವ ತೂತಿನ ಬಳೆ, ಅಂದರೆ ಐಲೆಟ್, ಕಬ್ಬಿಣದ್ದಾದರೆ ಸುತ್ತ ತುಕ್ಕಿನ ಕಲೆ ಬಂದು ಅಲ್ಲೇ ಹರಿಯುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ಕಲೆ ಕಮ್ಮಿಯಾಗುತ್ತದೆ, ಆಮೇಲೆ ಚೆನ್ನಾಗಿ ತೊಳೆಯಿರಿ. ಹೊಸದಕ್ಕೆ ಹಿತ್ತಾಳೆ ಐಲೆಟ್ ಹೊಡೆಸಿ.

ಸೀಟಿನೊಳಗೆ ನೀರು ಹೋಗಿದೆ. ಬಿಸಿಲಿಗಿಟ್ಟರೆ ಸಾಕಲ್ವಾ?

ಕವರ್ ಸಮೇತ ಬಿಸಿಲಿಗಿಟ್ಟರೆ ಮೇಲಿನ ರೆಕ್ಸಿನ್ ಸುಡುತ್ತದೆ, ಒಳಗಿನ ನೀರು ಹಾಗೇ ಇರುತ್ತದೆ. ರೆಕ್ಸಿನ್ ನೀರನ್ನು ಒಳಗೂ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ. ಹೊಲಿಗೆಯ ತೂತಿನಿಂದ ಒಳಗೆ ಹೋದದ್ದು ಅಲ್ಲೇ ಉಳಿಯುತ್ತದೆ. ಕವರ್ ಬಿಚ್ಚಿ, ಫೋಮ್ ಮೇಲೆ ಕಾಲಿಟ್ಟು ಒತ್ತಿ ನೀರು ಇಳಿಸಿ, ಹಿಂಡಬೇಡಿ, ಹರಿಯುತ್ತದೆ. ಆಮೇಲೆ ನೆರಳಲ್ಲಿ ಗಾಳಿಗೆ ನಿಲ್ಲಿಸಿ, ಫ್ಯಾನ್ ಹಾಕಿ. ಎರಡು ಮೂರು ದಿನ ಹಿಡಿಯುತ್ತದೆ. ಬಿಸಿಲಿಗೆ ಬರೀ ಫೋಮ್ ಇಟ್ಟರೆ ಹಳದಿಯಾಗಿ ಪುಡಿ ಉದುರುತ್ತದೆ. ತುಂಡು ಫೋಮ್ ಅಂಟಿಸಿ ಒತ್ತಿದ ರೀಬಾಂಡೆಡ್ ಆದರೆ ಇನ್ನೂ ನಿಧಾನ.

ಕೋಲಾರದಲ್ಲಿ ದೋಣಿ ಸೀಟು ಯಾರು ಮಾಡಿಸುತ್ತಾರೆ?

ನಗಬೇಡಿ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು, ನಿಜ. ಆದರೆ 2018ರಲ್ಲಿ ಬೆಂಗಳೂರಿನಿಂದ ಕೆ.ಸಿ. ವ್ಯಾಲಿ ನೀರು (ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು) ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಎಷ್ಟೋ ಕೆರೆಗಳು ತುಂಬಿವೆ. ಕೆರೆ ಪಕ್ಕದ ತೋಟದವರೊಬ್ಬರು ಒಂದು ದಿನ ಟೆಂಪೊದಲ್ಲಿ ಪೆಡಲ್ ಬೋಟಿನ ನಾಲ್ಕು ಸೀಟು ತಂದು ಇಳಿಸಿದರು. ತೋಟದ ದೊಡ್ಡ ಹೊಂಡದಲ್ಲಿ ಮೊಮ್ಮಕ್ಕಳಿಗೆ ಅಂತ ಕೊಂಡಿದ್ದರಂತೆ. ಎತ್ತಿದರೆ ಒಂದೊಂದು ಸೀಟೂ ಅಕ್ಕಿ ಮೂಟೆಯಷ್ಟು ಭಾರ. ಕವರ್ ಕತ್ತರಿಸಿದೆ. ಅಂಗಡಿ ತುಂಬಾ ಕೆರೆ ನೀರು, ಜೊತೆಗೊಂದು ಸಣ್ಣ ಕಪ್ಪೆ.

ಅವತ್ತು ಕಲಿತದ್ದು ಇದು. ನೀರಿನ ಮೇಲಿನ ಸೀಟಿಗೆ ನೀರು ಬರದ ಹಾಗೆ ಮಾಡುತ್ತೇನೆ ಅನ್ನುವುದು ಹಟ. ಬಂದ ನೀರು ಹೊರಗೆ ಹೋಗುವ ಹಾಗೆ ಮಾಡುವುದು ಬುದ್ಧಿ. ಕೆಳಗಿನ ಹಲಗೆಗೆ ಐದಾರು ತೂತು ಕೊರೆದೆ. ಕವರಿನ ತಳಕ್ಕೆ ರೆಕ್ಸಿನ್ ಬದಲು ಜಾಲರಿ ಬಟ್ಟೆ ಹೊಲಿದೆ. ಸಾದಾ ಪಿನ್ ತೆಗೆದು ಸ್ಟೇನ್‌ಲೆಸ್ ಪಿನ್ ಹೊಡೆದೆ. ಫೋಮ್ ಬದಲು ನೀರು ಕುಡಿಯದ ಇವಿಎ ಶೀಟ್ ಹಾಕಿದೆ. ಕೂರಲು ಸ್ವಲ್ಪ ಗಟ್ಟಿ, ಆದರೆ ಈಗ ಒಬ್ಬರೇ ಒಂದು ಕೈಯಲ್ಲಿ ಎತ್ತುತ್ತಾರೆ. ಮೇಲಿನ ನೆರಳಿನ ಚಾವಣಿಗೆ ನೂಲಿನಲ್ಲೇ ಬಣ್ಣ ಸೇರಿರುವ ಅಕ್ರಿಲಿಕ್ ಕ್ಯಾನ್ವಾಸ್ ಸಿಕ್ಕರೆ ಅದೇ ಒಳ್ಳೆಯದು. ಬೆಲೆ ಕೇಳಿ ಅವರು ಪಿವಿಸಿಗೆ ಇಳಿದರು, ಅದೂ ನಡೆಯುತ್ತದೆ.

ಆಡಿ ಬಂದ ಮೇಲೆ ಸೀಟನ್ನು ಒಳ್ಳೇ ನೀರಿನಲ್ಲಿ ತೊಳೆದು ಮಗ್ಗುಲಾಗಿ ನಿಲ್ಲಿಸಿ. ಕೆರೆ ನೀರಿನ ಪಾಚಿ ಒಣಗಿದರೆ ಹಸಿರು ಕಲೆ ಗಟ್ಟಿಯಾಗುತ್ತದೆ. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಮೀನು ಹಿಡಿಯುವವರ ಹರಿಗೋಲಿಗೆ ಮಾತ್ರ ಈ ಯಾವ ರಗಳೆಯೂ ಇಲ್ಲ. ಬಿದಿರು, ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು. ದಡದಲ್ಲಿ ಬೋರಲು ಹಾಕಿ ಮನೆಗೆ ಹೋಗುತ್ತಾರೆ.

ಲೈಫ್ ಜಾಕೆಟ್ ಕೂಡ ಹೀಗೇ ತೊಳೆಯಬಹುದಾ?

ಸೌಮ್ಯ ಸೋಪಿನ ನೀರು, ಕೈಯಲ್ಲೇ. ವಾಷಿಂಗ್ ಮೆಷಿನ್ ಬೇಡ, ಬ್ಲೀಚ್ ಬೇಡ, ಇಸ್ತ್ರಿ ಅಂತೂ ಕೇಳಲೇಬೇಡಿ. ನೆರಳಲ್ಲಿ ನೇತು ಹಾಕಿ. ಅದನ್ನೇ ದಿಂಬು ಮಾಡಿ ಕೂರುವ ಅಭ್ಯಾಸ ಇದೆ ನಮ್ಮ ಜನಕ್ಕೆ, ಒಳಗಿನ ಫೋಮ್ ಅಪ್ಪಚ್ಚಿಯಾದರೆ ತೇಲಿಸುವ ಶಕ್ತಿ ಹೋಗುತ್ತದೆ. ಪಟ್ಟಿ ಹರಿದ ಜಾಕೆಟ್ ನನ್ನ ಹತ್ತಿರ ಹೊಲಿಸಲು ತರಬೇಡಿ, ಹೊಲಿಯುವುದಿಲ್ಲ. ಹೊಸದು ಕೊಳ್ಳಿ.

ಹೊಸದು ಹಾಕಿಸುವುದು ಯಾವಾಗ?

ಹೆಬ್ಬೆರಳು ತೋರುಬೆರಳಿನಲ್ಲಿ ರೆಕ್ಸಿನ್ ಚಿವುಟಿ ಮಡಿಸಿ ನೋಡಿ. ಬಿಟ್ಟ ಕೂಡಲೇ ಗೆರೆ ಹೋದರೆ ಇನ್ನೂ ಜೀವ ಇದೆ. ಬಿಳಿ ಗೆರೆ ಉಳಿದರೆ ಒಂದು ವರ್ಷ ನಡೆಯಬಹುದು. ಮಡಿಸುವಾಗಲೇ ಒಡೆದರೆ ಬನ್ನಿ. ಕ್ಯಾನ್ವಾಸಿಗೆ ಒಂದು ನೂಲು ಎಳೆದು ನೋಡಿ, ಸದ್ದಿಲ್ಲದೆ ತುಂಡಾದರೆ ತೇಪೆ ಹಾಕಿ ಪ್ರಯೋಜನ ಇಲ್ಲ, ತೇಪೆಯ ಪಕ್ಕದಲ್ಲೇ ಹರಿಯುತ್ತದೆ.

ತರುವಾಗ ಸೀಟು ಒಣಗಿಸಿ ತನ್ನಿ, ಕೆಳಗಿನ ಡಬ್ಬಿಯಿಂದ ಆರ್‌ಸಿ, ಲೈಸೆನ್ಸ್, ಚಿಲ್ಲರೆ ದುಡ್ಡು ತೆಗೆದಿಟ್ಟುಕೊಂಡು ತನ್ನಿ. ಮೂರು ಜೊತೆ ಕನ್ನಡಕ, ಒಂದು ಕಾಲ್ಗೆಜ್ಜೆ ಈಗಲೂ ನಮ್ಮ ಗಲ್ಲಾದಲ್ಲಿವೆ. ನಿಮ್ಮದಾದರೆ ಬಂದು ಗುರುತು ಹೇಳಿ ತೆಗೆದುಕೊಂಡು ಹೋಗಿ.